ಅಕ್ಕನಿಗಾಗಿ ನಿಲ್ಲಿಸಿದ ಫ್ಯಾನು

ನಂಬಿ ಅಂತ ನಾನು ಯಾರ ಕಾಲೂ ಹಿಡಿಯುವುದಿಲ್ಲ. ಆದರೆ ಇದರಲ್ಲಿ ಒಂದಕ್ಷರವೂ ಕಟ್ಟಿದ್ದಲ್ಲ. ಹೋದ ಬೇಸಿಗೆಯಲ್ಲಿ ಕೊಳ್ಳೇಗಾಲದ ನಮ್ಮ ಮನೆಯಲ್ಲೇ ನಡೆದದ್ದು. ಇದನ್ನು ಬರೆಯುವಾಗಲೂ ನನ್ನ ಕಿವಿ ಆ ಗೋಡೆಯ ಕಡೆಗೇ ಇದೆ.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಅಮ್ಮ ತೀರಿದ ಮೇಲೆ ಗೌರಕ್ಕನೇ ಮಗ್ಗದಲ್ಲಿ ಕೂತು ನನ್ನನ್ನು ಓದಿಸಿದಳು, ತಾನು ಮದುವೆಯಾಗಲಿಲ್ಲ. ಉಬ್ಬಸ ಹೆಚ್ಚಾಗಿ ಅವಳ ಮಗ್ಗ ನಿಂತಿತು. ಅದರ ಪಕ್ಕಕ್ಕೆ ನನ್ನ ಕಂಪ್ಯೂಟರ್ ಬಂತು. ಅಂಚು, ಸೆರಗು ಡಿಸೈನ್ ಮಾಡಿ, ಸೀರೆ ಉಟ್ಟರೆ ಹೇಗೆ ಕಾಣುತ್ತದೆಂದು ಅಂಗಡಿಯವರಿಗೆ ಚಿತ್ರ ಮಾಡಿಕೊಡುವುದು ನನ್ನ ಕೆಲಸ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ರಾತ್ರಿಯಿಡೀ ದುಡಿಯಬೇಕು. ಬೇಸಿಗೆಯಲ್ಲಿ ಅದರ ಬಿಸಿ ಎಂಬತ್ತೈದು ಡಿಗ್ರಿ ಮುಟ್ಟುತ್ತಿತ್ತು, ಕಾರ್ಡಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು.

ದಪ್ಪ ಮಣ್ಣಿನ ಗೋಡೆಯಾಚೆ ಅಕ್ಕನ ಕೋಣೆ. ರಾತ್ರಿ ಉಸಿರು ಕಟ್ಟಿದರೆ ಅವಳಿಗೆ ಕೂಗಲು ಆಗುತ್ತಿರಲಿಲ್ಲ. ದಿಂಬಿನ ಹತ್ತಿರವಿದ್ದ ಮಗ್ಗದ ಹಳೆಯ ಲಾಳಿಯಿಂದ ಗೋಡೆಗೆ ಎರಡು ಸಲ ಕುಟ್ಟುತ್ತಿದ್ದಳು. ಟಕ್... ಟಕ್. ಫ್ಯಾನಿನ ಗದ್ದಲದಲ್ಲೂ ಅದು ನನಗೆ ಕೇಳುತ್ತಿತ್ತು. ಓಡಿಹೋಗಿ ನೆಬ್ಯುಲೈಸರ್ ಹಾಕಿ, ಬೆನ್ನಿಗೆ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದೆ.

ಇಷ್ಟು ಸದ್ದಿನಲ್ಲಿ ಹೇಗೆ ಮಲಗುತ್ತೀಯ ಎಂದು ಒಮ್ಮೆ ಕೇಳಿದೆ. ನಕ್ಕಳು.

"ಇರ್ಲಿ ಬುಡ್ಲಾ ಮಾದೇವ. ಸದ್ದಿದ್ರೆ ನೀ ಎದ್ದಿದ್ದೀಯ ಅಂತ ಗೊತ್ತಾಯ್ತದೆ."

ಮಗ್ಗದ ಮನೆಯ ರೂಢಿಯೇ ಅದು. ಸದ್ದಿದ್ದರೆ ಯಾರೋ ಕೂತಿದ್ದಾರೆ, ನಿಂತರೆ ಮಲಗಿದ್ದಾರೆ. ದುಡಿದು ಮಲಗಿದವರನ್ನು ನಮ್ಮಲ್ಲಿ ಎಬ್ಬಿಸುವುದಿಲ್ಲ. ನನ್ನ ಮಂಕು ಬುದ್ಧಿಗೆ ಆಗ ಅದು ಹೊಳೆಯಲೇ ಇಲ್ಲ. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಕೊಂಡೆ.

ಒಂದು ಭಾನುವಾರ ಕಾರ್ಡ್ ಬಿಚ್ಚಿದೆ. ಫ್ಯಾನಿನ ರೆಕ್ಕೆಗಳಿಗೆ ರೇಷ್ಮೆ ಎಳೆ ಸುತ್ತಿಕೊಂಡಿತ್ತು. ಧೂಳು ತೆಗೆದು, ಚಿಪ್‌ಗೆ ಬಿಸಿ ಇಳಿಸುವ ಹೊಸ ಪೇಸ್ಟ್ ಹಚ್ಚಿ, ಕರೆಂಟು ಕಮ್ಮಿ ಎಳೆಯುವಂತೆ ಮಿತಿ ಹಾಕಿದೆ. ಅರವತ್ತು ಡಿಗ್ರಿ ದಾಟುವವರೆಗೆ ಫ್ಯಾನು ತಿರುಗಲೇಬಾರದು, ದಾಟಿದರೂ ಮೆಲ್ಲಗೆ ತಿರುಗಬೇಕು ಎಂದು ಸೆಟ್ ಮಾಡಿದೆ.

ಆ ರಾತ್ರಿ ಹಲ್ಲಿ ಲೊಚಗುಟ್ಟಿದ್ದೂ ಕೇಳುವಷ್ಟು ನಿಶ್ಶಬ್ದ. ಬೆಳಗಿನ ಜಾವದವರೆಗೆ ಕೆಲಸ ಮಾಡುತ್ತಾ ಕೂತಿದ್ದೆ. ಗೋಡೆ ಒಮ್ಮೆಯೂ ಸದ್ದು ಮಾಡಲಿಲ್ಲ. ಅಕ್ಕ ನೆಮ್ಮದಿಯಾಗಿ ಮಲಗಿದ್ದಾಳೆಂದು ಹಿಗ್ಗಿದೆ.

ಕಾಫಿ ತೆಗೆದುಕೊಂಡು ಹೋದಾಗ ಅವಳು ಗೋಡೆಗೆ ಒರಗಿ ಕೂತಿದ್ದಳು. ಮೈ ತಣ್ಣಗಾಗಿತ್ತು. ಲಾಳಿ ಕೈಯಲ್ಲೇ ಇತ್ತು... ಕುಟ್ಟಿರಲಿಲ್ಲ.

ಆ ಲಾಳಿಯನ್ನು ಅವಳ ಜೊತೆಗೇ ಇಟ್ಟು ಮಣ್ಣು ಮಾಡಿದೆವು.

ತಿಂಗಳು ಕಳೆದಿರಬೇಕು. ಒಂದು ರಾತ್ರಿ ಕೆಲಸವಿಲ್ಲದೆ ಸುಮ್ಮನೆ ಪರದೆ ನೋಡುತ್ತಾ ಕೂತಿದ್ದೆ. ಫ್ಯಾನು ತಾನಾಗಿ ತಿರುಗತೊಡಗಿತು. ಮೊದಲು ಮೆಲ್ಲಗೆ... ಆಮೇಲೆ ಅದೇ ಗಿರಣಿಯ ಸದ್ದು. ಬಿಸಿ ನೋಡಿದರೆ ಬರೀ ಮೂವತ್ತೆಂಟು. ಸೆಟ್ಟಿಂಗ್ ನಾನು ಇಟ್ಟ ಹಾಗೇ ಇತ್ತು. ಹೆದರಿ ಪ್ಲಗ್ ಕಿತ್ತೆ. ಪರದೆ ಕಪ್ಪಾಯಿತು.

ಫ್ಯಾನು ನಿಲ್ಲಲಿಲ್ಲ.

ಕಂಪ್ಯೂಟರ್ ಪೆಟ್ಟಿಗೆಯ ಹಿಂದಿನಿಂದ ಬೆಚ್ಚನೆ ಗಾಳಿ ಬರುತ್ತಿತ್ತು. ಅದರಲ್ಲಿ ನೀಲಗಿರಿ ಎಣ್ಣೆಯ ವಾಸನೆ. ಆಮೇಲೆ ಗೋಡೆಯಲ್ಲಿ... ಟಕ್... ಟಕ್.

ಎದ್ದು ಗೋಡೆಗೆ ಅಂಗೈ ಊರಿದೆ. ಆಚೆಗೆ ಕೇಳುವಂತೆ ಹೇಳಿದೆ.

"ಎದ್ದಿದ್ದೀನಿ ಕಣಕ್ಕ... ಅವತ್ತೂ ಎದ್ದೇ ಇದ್ದೆ."

ಫ್ಯಾನು ನಿಂತಿತು. ಅಕ್ಕನ ಕೋಣೆಗೆ ಹೋಗಿ ದೀಪ ಹಾಕಿದೆ. ಮಂಚ ಖಾಲಿ ಇತ್ತು. ಅದರ ಅಂಚಿನಲ್ಲಿ ಕೂತು ಮಗುವಿನಂತೆ ಅತ್ತುಬಿಟ್ಟೆ.

ಯಳಂದೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯ ನಾಗೇಶನನ್ನು ಕರೆಸಿದೆ. ಎಲ್ಲ ಬಿಚ್ಚಿ ನೋಡಿದ. "ಎಲ್ಲಾ ನೆಟ್ಟಗದೆ ಕಣ್ಲಾ. ಪ್ಲಗ್ ಕಿತ್ತ ಮ್ಯಾಲೆ ಎಂಗ್ ತಿರುಗ್ತದೆ? ನೀ ಮೊದ್ಲು ಸರ್ಯಾಗಿ ನಿದ್ದೆ ಮಾಡು," ಅಂದ.

ಈಗ ಫ್ಯಾನನ್ನು ಪೂರ್ತಿ ವೇಗಕ್ಕೆ ಇಟ್ಟಿದ್ದೇನೆ. ಹೀಗೇ ಓಡಿಸಿದರೆ ಬೇಗ ಸವೆಯುತ್ತದೆಂದು ನಾಗೇಶ ಬೈಯುತ್ತಾನೆ. ಗೋಡೆಯಿಂದ ಮತ್ತೆ ಸದ್ದು ಬಂದಿಲ್ಲ. ನಿದ್ದೆ ಬಂದರೂ ಮಲಗಲು ಧೈರ್ಯವಿಲ್ಲ. ಇಷ್ಟು ಸದ್ದು ಹಾಕಿಟ್ಟು ನಾನು ಮಲಗಿಬಿಟ್ಟರೆ, ಅವಳು ಕುಟ್ಟಿದಾಗ ಏಳುವವರು ಯಾರು?