ದೊಡ್ಡಪ್ಪನ ಹಾರುವ ಇಲಿ

ನಮ್ಮ ಎಸ್ಪನ್ಯೋಲಾ ಊರಿನಲ್ಲಿ ಕಾರಿನ ಬಾನೆಟ್ಟಿನ ಮೇಲೆ ಸತ್ತವರ ಮುಖ ಬರೆಸಬೇಕೆಂದರೆ ಜನ ಸಿಪ್ರಿಯಾನಾಳನ್ನೇ ಕೇಳಿಕೊಂಡು ಬರುತ್ತಿದ್ದರು. ಅವಳು ನನ್ನ ದೊಡ್ಡಪ್ಪನ ಮಗಳು. ಶೆಡ್ಡು ನನ್ನದು. ನಜ್ಜುಗುಜ್ಜಾದ ತಗಡನ್ನು ಬಡಿದು ನೆಟ್ಟಗೆ ಮಾಡುವುದು ನನ್ನ ಕೆಲಸ, ಅದರ ಮೇಲೆ ಚಿತ್ರ ಬರೆಯುವುದು ಅವಳದು. ಗಿರಾಕಿಗಳ ಜೊತೆ ನಾನು ಜಗಳ ಕಾಯುತ್ತಿದ್ದೆ, ಅವಳು ಸಮಾಧಾನ ಮಾಡಿ ಕಳಿಸುತ್ತಿದ್ದಳು. ಯಾರಾದರೂ ತೀರಿಹೋದ ತಾಯಿಯ ಫೋಟೋ ತಂದರೆ ಅಕ್ಕ ಫೋಟೋ ಬದಿಗಿಟ್ಟು, "ನಿಮ್ಮಮ್ಮಂಗೆ ಸಿಟ್ಟು ಬಂದ್ರೆ ಏನಂತ ಬೈತಿದ್ರು?" ಎಂದು ಕೇಳುವಳು. ಅವರು ನಗುತ್ತಲೋ ಅಳುತ್ತಲೋ ಹೇಳುವರು. ಆಮೇಲೇ ಅವಳು ಬ್ರಷ್ಷು ಮುಟ್ಟುತ್ತಿದ್ದದ್ದು.

ಅಂಥವಳು ಮಕ್ಕಳ ಪುಸ್ತಕಕ್ಕೆ ಕೈ ಹಾಕಿದ್ದಕ್ಕೆ ಕಾರಣ ಅವಳ ಮೊಮ್ಮಗಳು ಅಮಾಡಾ. ಆ ಹುಡುಗಿಗೆ ಬರುವುದು ಇಂಗ್ಲಿಷೊಂದೇ. ದೊಡ್ಡಪ್ಪ ಟ್ರಾಂಕಿಲೀನೊಗೆ ಕಥೆ ಬರುವುದು ಮನೆಯ ಸ್ಪ್ಯಾನಿಷ್‌ನಲ್ಲಿ ಮಾತ್ರ. ಒಂದು ದಿನ ಮುದುಕ ಮರಿಮಗಳನ್ನು ಕೂರಿಸಿಕೊಂಡು ಕಥೆ ಶುರು ಮಾಡಿದ. ಅವಳು ಅವನ ಬಾಯನ್ನೇ ಸ್ವಲ್ಪ ಹೊತ್ತು ನೋಡಿ, ಎದ್ದು ಟಿವಿ ಮುಂದೆ ಹೋಗಿ ಕೂತಳು. ಅಡುಗೆಮನೆಯಿಂದ ಅಕ್ಕ ಅದನ್ನು ಕಂಡಳು. ಒಂದು ಪುಟದಲ್ಲಿ ಅಪ್ಪನ ಮಾತು, ಎದುರು ಪುಟದಲ್ಲಿ ಇಂಗ್ಲಿಷು, ನಡುವೆ ಚಿತ್ರ, ಹೀಗೊಂದು ಪುಸ್ತಕ ಮಾಡುತ್ತೇನೆಂದು ಅವತ್ತೇ ಹೊರಟಳು.

ಕಥೆ ಇಷ್ಟೆ. ಒಂದು ಇಲಿ ಚರ್ಚಿಗೆ ನುಗ್ಗಿ, ಪಾದ್ರಿ ಮಂತ್ರಿಸಿಟ್ಟ ಉಪ್ಪು ತಿಂದುಬಿಡುತ್ತದೆ. ತಿಂದದ್ದಕ್ಕೆ ನಾಚಿ ಬಿಲಕ್ಕೆ ಹೋಗಲಾರದೆ ತೊಲೆಗೆ ತಲೆಕೆಳಗಾಗಿ ನೇತುಬೀಳುತ್ತದೆ. ದೇವರಿಗೆ ಕನಿಕರ ಬಂದು ರೆಕ್ಕೆ ಕೊಡುತ್ತಾನೆ. ಅದಕ್ಕೇ ಅದರ ಹೆಸರು ರತೋನ್ ವೊಲಾದೋರ್, ಹಾರುವ ಇಲಿ. ನಮ್ಮ ಬೆಟ್ಟದ ಸೀಮೆಯಲ್ಲಿ ಬಾವಲಿಗೆ ಎಲ್ಲರೂ ಅನ್ನುವುದು ಹಾಗೇ.

ಆಲ್ಬುಕರ್ಕಿ ನಗರದ ಪ್ರಕಾಶಕರೊಬ್ಬರು ಒಪ್ಪಿದರು. ಅಚ್ಚಿಗೆ ಹೋಗುವ ಹೊತ್ತಿಗೆ ಅಲ್ಲಿಯ ಸಂಪಾದಕಿ ಇವೆಟ್ ಫೋನ್ ಮಾಡಿದಳು. ಕೈತುಂಬ ಬಣ್ಣವಾಗಿದ್ದರಿಂದ ಅಕ್ಕ ಸ್ಪೀಕರ್ ಹಾಕಿಕೊಂಡಳು.

"ಸಿಪ್ರಿಯಾನಾ ಅವರೇ, ನಿಮ್ಮ ಚಿತ್ರ ನೋಡಿ ಆಫೀಸಲ್ಲಿ ಎಲ್ರಿಗೂ ಖುಷಿ. ಒಂದೇ ಒಂದು ತಿದ್ದುಪಡಿ. ಆ ಹಾರೋ ಇಲಿ ಅನ್ನೋದು ಸರಿಯಾದ ಸ್ಪ್ಯಾನಿಷ್ ಅಲ್ಲ. ಬಾವಲಿಗೆ ಮುರ್ಸಿಯೆಲಾಗೊ ಅಂತ ಹಾಕಿದೀವಿ."

"ನಮ್ ಕಡೆ ಹಂಗೇ ಅನ್ನೋದು ಮೇಡಂ."

"ಗೊತ್ತು. ಆದ್ರೆ ಮಕ್ಕಳು ತಪ್ಪು ಕಲೀತಾರೆ ಅಂತ ಶಾಲೆಯೋರು ತಗೊಳ್ಳಲ್ಲ. ಅವ್ರು ತಗೊಳ್ಳದಿದ್ರೆ ನಾವು ಅಚ್ಚು ಹಾಕೋಕಾಗಲ್ಲ."

ನನಗೆ ತಡೆಯಲಾಗಲಿಲ್ಲ. "ಇಲಿಗೆ ರೆಕ್ಕೆ ಬಂದ್ರೆ ಹಾರೋ ಇಲಿ ಅನ್ನದೆ ನಿಮ್ಮಜ್ಜಿ ಅನ್ಬೇಕಾ?" ಎಂದು ಸುತ್ತಿಗೆ ಹಿಡಿದೇ ಕೂಗಿದೆ.

"ಅಲ್ಲಿ ಯಾರಿದಾರೆ?"

"ರೇಡಿಯೋ," ಎಂದಳು ಅಕ್ಕ. ನನ್ನತ್ತ ಕಣ್ಣು ಬಿಟ್ಟು, "ಕಥೆ ನಮ್ಮಪ್ಪಂದು. ಅವರನ್ನ ಒಂದ್ಮಾತು ಕೇಳ್ತೀನಿ," ಎಂದು ಫೋನಿಟ್ಟಳು.

ಭಾನುವಾರ ಪೂಜೆ ಮುಗಿಸಿ, ಒಂದು ಪಾತ್ರೆ ಪೊಸೋಲೆ, ಜೋಳದ ಸಾರು, ಹಿಡಿದು ಇಬ್ಬರೂ ದೊಡ್ಡಪ್ಪನ ಮನೆಗೆ ಹೋದೆವು. ಅವನಿಗೆ ಆಗಲೇ ಕಣ್ಣು ಹೋಗಿತ್ತು, ಮೂಗಿಗೆ ಆಮ್ಲಜನಕದ ನಳಿಗೆ. ಆದರೂ ನನ್ನ ಬೂಟಿನ ಸದ್ದು ಕೇಳಿ, "ಬಂದ್ಯಾ ಓನೊಫ್ರೆ? ಇವತ್ತು ಯಾರ ಮೇಲೆ ಹಾರಾಡ್ದೆ?" ಎಂದ. ಅಕ್ಕ ಅವನ ಪಕ್ಕ ಕೂತು ವಿಷಯ ಹೇಳಿದಳು. ಅವನೂ ನನ್ನ ಹಾಗೆ ರೇಗುತ್ತಾನೆ ಎಂದುಕೊಂಡಿದ್ದೆ.

"ತಪ್ಪಂತಾ?" ಎಂದ. ಧ್ವನಿ ಸಣ್ಣದಾಗಿತ್ತು. "ಹಂಗಾದ್ರೆ ತಿದ್ದಿಬಿಡು ಮಗಳೇ. ನಂಗೆ ಸರಿಯಾಗಿ ಬರಲ್ಲ. ನಾನು ಹೇಳಿದ್ದು ಅಂತ ಅವ್ರಿಗೆ ಹೇಳ್ಬೇಡ."

ಹಾಗೆನ್ನುತ್ತ ಕಂಬಳಿಯ ಮೇಲಿದ್ದ ಎರಡೂ ಕೈಗಳನ್ನು ಮೆಲ್ಲಗೆ ಒಳಗೆ ಎಳೆದುಕೊಂಡ.

ದೊಡ್ಡಪ್ಪನ ಕಾಲದ ಶಾಲೆಯಲ್ಲಿ ಮನೆಮಾತಿನ ಒಂದು ಪದ ಬಾಯಿಂದ ಜಾರಿದರೂ ಅಂಗೈ ಮೇಲೆ ರೂಲುದೊಣ್ಣೆಯ ಏಟು ಬೀಳುತ್ತಿತ್ತು. ಅವನ ಓರಗೆಯವರೆಲ್ಲ ತಿಂದದ್ದೇ. ಅವತ್ತು ಸ್ಪ್ಯಾನಿಷ್ ಆಡಿದ್ದಕ್ಕೆ ಹೊಡೆದರು, ಇವತ್ತು ನಿನ್ನದು ಸ್ಪ್ಯಾನಿಷೇ ಅಲ್ಲ ಅನ್ನುತ್ತಾರೆ. ಹಾಗಾದರೆ ಆ ಏಟು ಯಾತಕ್ಕೆ ಬಿತ್ತು? ಇದಕ್ಕೆ ಉತ್ತರ ಕೊಡುವವರು ಯಾರಾದರೂ ಇದ್ದರೆ ನನ್ನ ಶೆಡ್ಡಿಗೆ ಬರಲಿ.

ದಾರಿಯಲ್ಲಿ ಅಕ್ಕ ಒಂದೇ ಮಾತು ಕೇಳಿದಳು. "ಕೈ ನೋಡ್ದೇನೋ?"

"ನೋಡ್ದೆ."

ಮರುದಿನ ಅವಳೇ ಫೋನ್ ಮಾಡಿ, "ಅಪ್ಪನ ಪದ ಇದ್ರೆ ಪುಸ್ತಕ, ಇಲ್ದಿದ್ರೆ ಬೇಡ," ಎಂದಳು. ಇವೆಟ್ ಕೆಟ್ಟವಳಲ್ಲ. "ನನ್ ಕೈಲಿಲ್ಲ, ಕ್ಷಮಿಸಿ," ಎಂದಳು. ಚಿತ್ರಗಳು ರಟ್ಟಿನ ಪೆಟ್ಟಿಗೆಯಲ್ಲಿ ವಾಪಸು ಬಂದವು.

ಅಷ್ಟಕ್ಕೆ ಮುಗಿಯಲಿಲ್ಲ. ದೊಡ್ಡಪ್ಪ ಕಥೆ ಹೇಳುವುದನ್ನೇ ಬಿಟ್ಟ. ನಮ್ಮೊಡನೆ ಕೂಡ ತನ್ನ ಮುರುಕು ಇಂಗ್ಲಿಷಿನಲ್ಲಿ, ಅಂಗಡಿಯವನ ಹತ್ತಿರ ಮಾತಾಡಿದ ಹಾಗೆ, "ಥ್ಯಾಂಕ್ಯೂ", "ಓಕೆ" ಅನ್ನತೊಡಗಿದ. ಕೈ ಕಂಬಳಿಯಿಂದ ಆಚೆ ಬರುತ್ತಿರಲಿಲ್ಲ. ಅಪ್ಪ ಹೀಗೇ ಬಾಯಿ ಕಟ್ಟಿಕೊಂಡು ಹೋಗಿಬಿಡುತ್ತಾನೆ ಎಂದು ಅಕ್ಕ ಹೆದರಿದಳು.

ಆ ಚಳಿಗಾಲವೆಲ್ಲ ಅವಳು ಗಿರಾಕಿಗಳ ಕಾರು ಮುಟ್ಟಲಿಲ್ಲ. ದಪ್ಪ ರಟ್ಟಿನ ಮೇಲೆ ಚಿತ್ರಗಳನ್ನು ಅಂಟಿಸಿದಳು. ಕಾರಿಗೆ ಹೆಸರು ಬರೆಯುವ ಎನಾಮಲ್ ಬಣ್ಣದಲ್ಲೇ ಅಪ್ಪನ ಮಾತುಗಳನ್ನು ದೊಡ್ಡದಾಗಿ ಬರೆದಳು, ಇಂಗ್ಲಿಷು ಕೆಳಗೆ ಸಣ್ಣದಾಗಿ. ಬಣ್ಣ ಒಣಗಿದ ಮೇಲೆ ಅದೇ ಗೆರೆಯ ಮೇಲೆ ಇನ್ನೊಂದು ಕೋಟು, ಅದರ ಮೇಲೆ ಮತ್ತೊಂದು.

"ಏನಕ್ಕಾ, ಅಕ್ಷರ ಬರೀತಿದ್ಯೋ ಗೋಡೆ ಕಟ್ತಿದ್ಯೋ?" ಎಂದು ರೇಗಿಸಿದೆ.

"ನಿನ್ ತಲೆಗಿಂತ ಗಟ್ಟಿಯಾಗ್ಲಿ ಅಂತ," ಎಂದಳು.

ಪುಸ್ತಕವಾದ ದಿನ ಅದನ್ನು ದೊಡ್ಡಪ್ಪನ ತೊಡೆಯ ಮೇಲಿಟ್ಟಳು.

"ಅಪ್ಪಾ, ನಿನ್ ಪುಸ್ತಕ."

"ಸರಿಯಾದ್ ಪದ ಹಾಕಿದ್ಯಾ?"

"ನೀನೇ ನೋಡು."

"ಕಣ್ಣಿಲ್ವಲ್ಲೇ."

"ಕೈ ಇದೆಯಲ್ಲ."

ಆಮ್ಲಜನಕದ ಯಂತ್ರ ಗುಂಯ್ಗುಡುತ್ತಿತ್ತು. ನಾನು ಏನೋ ಹೇಳಹೋದೆ, ಅಕ್ಕ ನನ್ನ ಮೊಣಕೈ ಚಿವುಟಿದಳು. ಎಷ್ಟೋ ಹೊತ್ತಿನ ಮೇಲೆ ಬಲಗೈ ಕಂಬಳಿಯಿಂದ ಹೊರಗೆ ಬಂತು. ಬೆರಳು ಉಬ್ಬಿದ ಬಣ್ಣದ ಮೇಲೆ ಹತ್ತಿ ಇಳಿದು, ತಡೆದು, ಮುಂದೆ ಹೋಯಿತು. ಒಂದೊಂದೇ ಅಕ್ಷರವನ್ನು ಅವನು ತುಟಿಯಲ್ಲೇ ಕೂಡಿಸಿಕೊಂಡ, ರತೋನ್ ವೊಲಾದೋರ್. ಕೊನೆಯ ಅಕ್ಷರದ ಹತ್ತಿರ ನಿಂತ.

"ಇದರ ಬಾಲ ಉದ್ದವಾಯ್ತು ಕಣೇ," ಎಂದ, ನಮ್ಮ ಮಾತಿನಲ್ಲಿ.

"ಇಲಿ ಅಲ್ವೇನಪ್ಪಾ!"

ಎಡಗೈಯೂ ಆಚೆ ಬಂತು. ಎರಡೂ ಕೈಯಿಂದ ಪುಟ ಒತ್ತಿ ಹಿಡಿದುಕೊಂಡು ಮತ್ತೆ ಮೊದಲಿಂದ ಸವರಿದ.

ಆ ಪುಸ್ತಕ ಇವತ್ತಿಗೂ ಅಚ್ಚಾಗಿಲ್ಲ, ಇರುವುದು ಅದೊಂದೇ. ದೊಡ್ಡಪ್ಪನನ್ನು ಆ ವರ್ಷ ಈಸ್ಟರ್‌ಗೆ ಮುಂಚೆ ಮಣ್ಣು ಮಾಡಿದೆವು. ಆದರೆ ಪುಸ್ತಕ ಸವರಿದ ಆ ದಿನ ಅವನು, "ಅಮಾಡಾನ ಕರೀರಿ," ಎಂದ. ಹುಡುಗಿ ಬಂದು ಮಂಚದ ಅಂಚಿಗೆ ಕೂತಳು. ಅವಳ ತೋರುಬೆರಳನ್ನು ಹಿಡಿದು ಮೊದಲ ಅಕ್ಷರದ ಮೇಲಿಟ್ಟು, "ಹೂಂ, ನನ್ ಜೊತೆ ಹೇಳು," ಎಂದ.