ಮೊದಲ ಟ್ರಿಪ್ಪಿನಲ್ಲಿ ಯಾರು ಕೂರಬೇಕು

ಆ ಹಳೆಯ ಯುದ್ಧವಿಮಾನಕ್ಕೆ ನಿವೃತ್ತಿ ಕೊಟ್ಟ ದಿನ ಅದರ ಮೇಲೆ ನೀರು ಹಾರಿಸಿ ಬೀಳ್ಕೊಟ್ಟದ್ದನ್ನು ಟಿವಿಯಲ್ಲಿ ತೋರಿಸಿದರು. ಇಷ್ಟು ವರ್ಷ ‘ಹಾರುವ ಶವಪೆಟ್ಟಿಗೆ’ ಎಂದು ಕರೆದವರೇ ಆ ದಿನ ಅದನ್ನು ಬಾಯಿ ತುಂಬ ಹೊಗಳುತ್ತಿದ್ದರು. ನನಗೆ ಸಿಟ್ಟು ಬಂತು. ಇದ್ದಾಗ ಬೈದು, ಹೋದ ಮೇಲೆ ಹಾರ ಹಾಕುವ ಬುದ್ಧಿ ಮನುಷ್ಯರ ವಿಷಯದಲ್ಲಿ ಮಾತ್ರ ಎಂದುಕೊಂಡಿದ್ದೆ. ಅಷ್ಟರಲ್ಲಿ ಅಕ್ಕನ ಫೋನ್ ಬಂತು. “ನೋಡಿದಿಯಾ? ಅಂತೂ ನಿಲ್ಲಿಸಿದ್ರು ಮಾರಾಯ” ಎಂದವಳು ನೆಮ್ಮದಿಯಿಂದ ಅತ್ತುಬಿಟ್ಟಳು. ಅವಳ ಮಗಳು ಆ ವಿಮಾನವನ್ನು ಹಾರಿಸಿ ಸುಖವಾಗಿ ಇಳಿದವಳು. ಹಾರಲು ಹೋಗು ಎಂದು ಅವಳಿಗೆ ಒಪ್ಪಿಗೆ ಕೊಟ್ಟವನು ನಾನು.

ನಾನು ಬಸ್ಸು ರಿಪೇರಿ ಮಾಡುವವನು. ಮೂಡುಬಿದಿರೆಗೆ ಹತ್ತಿರ, ಪುತ್ತಿಗೆಯಲ್ಲಿ ರಸ್ತೆ ಬದಿಗೆ ನನ್ನ ಗ್ಯಾರೇಜು. ವಿಮಾನದ ವಿಷಯ ನಿನಗೆಂತ ಗೊತ್ತು ಎಂದು ಯಾರಾದರೂ ಕೇಳಿದರೆ, ಏನೂ ಗೊತ್ತಿಲ್ಲ. ಆದರೆ ಹಳೆಯ ಯಂತ್ರದ ವಿಷಯ ಗೊತ್ತುಂಟು. ಹೊಸ ಬಸ್ಸು ತೆಗೆಯಲು ಕೈ ಬಾರದ ಮಾಲಕರು ಹಳೆಯದನ್ನೇ ‘ಇನ್ನೊಂದು ವರ್ಷ, ಇನ್ನೊಂದು ವರ್ಷ’ ಎಂದು ಓಡಿಸಿದ್ದರಿಂದಲೇ ನನ್ನ ಅನ್ನ ಬೆಂದದ್ದು. ಹಳೆಯದು ಅಗ್ಗ ಎಂದು ಹೇಳುವವನು ಯಾವತ್ತೂ ಅದರ ಒಳಗೆ ಕೂರುವವನಲ್ಲ. ಇದು ನಾನು ನಲವತ್ತು ವರ್ಷದಲ್ಲಿ ಕಲಿತ ಪಾಠ.

ಅದಕ್ಕಾಗಿಯೇ ನನ್ನ ಗ್ಯಾರೇಜಿನಲ್ಲಿ ಒಂದು ನಿಯಮ ಇಟ್ಟಿದ್ದೆ. ಬ್ರೇಕಿನ ಕೆಲಸ ಮಾಡಿದವನು ಆ ಬಸ್ಸಿನ ಮೊದಲ ಟ್ರಿಪ್ಪಿನಲ್ಲಿ ಕೂತು ಹೋಗಬೇಕು. ನಾನು ಮಾಡಿದ್ದಾದರೆ ನಾನು. ಮಳೆ ಬರಲಿ, ಮದುವೆ ಇರಲಿ, ಬಿಡುವ ಹಾಗಿಲ್ಲ. ಆ ದಾರಿಯ ಪ್ರಯಾಣಿಕರಿಗೆಲ್ಲ ಇದು ಗೊತ್ತಿತ್ತು. ಗ್ರೀಸು ಮೆತ್ತಿದ ಅಂಗಿಯವನು ಮುಂದಿನ ಸೀಟಿನಲ್ಲಿ ಕಂಡರೆ “ಓ, ಬ್ರೇಕು ಹೊಸತು” ಎಂದು ನಗಾಡುತ್ತಾ ಹತ್ತುತ್ತಿದ್ದರು. ನನಗೆ ಒಳಗೊಳಗೇ ಜಂಬ.

ಅಕ್ಕನ ಮನೆ ಬೆಳ್ತಂಗಡಿ ದಾರಿಯಲ್ಲಿ. ಅವಳ ಮಗಳು ಶಾಲೆಗೆ ಬರುತ್ತಿದ್ದದ್ದು ಮೂಡುಬಿದಿರೆಗೆ. ಶಾಲೆ ಬಿಟ್ಟ ಮೇಲೆ ನನ್ನ ಗ್ಯಾರೇಜಿಗೆ ಬಂದು, ಟಯರಿನ ಮೇಲೆ ಕೂತು ಮನೆಲೆಕ್ಕ ಮಾಡಿ, ಸಂಜೆಯ ಬಸ್ಸಿಗೆ ಅಲ್ಲಿಂದಲೇ ಹತ್ತುತ್ತಿದ್ದಳು. ಏಳನೇ ಕ್ಲಾಸಿಗೇ ಅವಳಿಗೆ ಸ್ಪ್ಯಾನರಿನ ನಂಬರು ಬಾಯಿಪಾಠ. ಯೂನಿಫಾರಮಿಗೆ ಎಣ್ಣೆಯ ಕಲೆ ಮಾಡಿಕೊಂಡು ಹೋಗಿ ಅಕ್ಕನಿಂದ ಇಬ್ಬರಿಗೂ ಬೈಗುಳ ತರುತ್ತಿದ್ದಳು.

ಅದೇ ಹುಡುಗಿ ಇಂಜಿನಿಯರಿಂಗ್ ಮುಗಿಸಿ, ಯಾರಿಗೂ ಹೇಳದೆ ಪರೀಕ್ಷೆ ಬರೆದು, ವಾಯುಪಡೆಗೆ ಆಯ್ಕೆಯಾದಳು. ಪೈಲಟ್ ತರಬೇತಿ. ಅದರಲ್ಲೂ ಯುದ್ಧವಿಮಾನವೇ ಬೇಕಂತೆ. ಅಕ್ಕ ಊಟ ಬಿಟ್ಟಳು. “ನಿನ್ನ ಮಾವ ಹೂಂ ಹೇಳಿದ್ರೆ ಹೋಗು, ಇಲ್ಲದಿದ್ರೆ ಇಲ್ಲ” ಎಂದು ಬಿಟ್ಟಳು. ನಮ್ಮದು ಅಳಿಯಕಟ್ಟಿನ ಕುಟುಂಬ. ಮಕ್ಕಳ ವಿಷಯದಲ್ಲಿ ತಾಯಿಯ ಅಣ್ಣತಮ್ಮಂದಿರ ಮಾತೇ ಕೊನೆಯ ಮಾತು. ಭಾವ ಒಳ್ಳೆಯ ಮನುಷ್ಯರು, ಪೇಪರಿನಿಂದ ಮುಖ ಎತ್ತದೆ “ಅದು ನಿಮ್ಮ ಕುಟುಂಬದ ವಿಷಯ ಭಾವ, ನಾನು ಮಧ್ಯೆ ಬರುವುದಿಲ್ಲ” ಎಂದು ಜಾರಿಕೊಂಡರು. ಪ್ರಾಯಕ್ಕೆ ಬಂದ ಹುಡುಗಿ, ಯಾರನ್ನೂ ಕೇಳದೆ ಹೋಗಬಹುದಿತ್ತು. ಆದರೂ ನನಗೆ ಫೋನ್ ಮಾಡಿ “ಮಾವ, ಅಮ್ಮ ನಿಮ್ಮ ಮೇಲೆ ಹಾಕಿದ್ದಾರೆ. ನೀವು ಬೇಡ ಅಂದ್ರೆ ಹೋಗುವುದಿಲ್ಲ” ಎಂದಳು. ನನಗೆ ಮಂಡೆಬಿಸಿ ಶುರುವಾಯಿತು.

ಕಲ್ಲಡ್ಕದಲ್ಲಿ ನನ್ನ ಪರಿಚಯದವರೊಬ್ಬರಿದ್ದರು. ಅದೇ ಹಳೆಯ ವಿಮಾನದ ಎಂಜಿನ್ ನೋಡಿಕೊಂಡು ವಾಯುಪಡೆಯಿಂದ ನಿವೃತ್ತರಾದವರು. ಅವರನ್ನೇ ಕೇಳುವ ಎಂದು ಹೋದೆ. ಹೋಟೆಲಿನಲ್ಲಿ ಚಹಾಕ್ಕೆ ಕೂತೆವು. ಅಲ್ಲಿಯೂ ಅದೇ ಚರ್ಚೆ. ಆಗ ಹೊಸ ಯುದ್ಧವಿಮಾನದ ಬೆಲೆಯ ಬಗ್ಗೆ ದೇಶವಿಡೀ ಜಗಳ ನಡೆದಿತ್ತಲ್ಲ.

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ. ಒಂದು ವಿಮಾನದ ದುಡ್ಡಲ್ಲಿ ನಮ್ಮ ಬಂಟ್ವಾಳಕ್ಕೆ ಎಷ್ಟು ಸೇತುವೆ ಕಟ್ಟಬಹುದಿತ್ತು!” ಎಂದು ಪಕ್ಕದ ಮೇಜಿನವನೊಬ್ಬ ಹೇಳುತ್ತಿದ್ದ.

“ಹಾಗಾದ್ರೆ ಎಂತ, ಹಳೇ ಡಬ್ಬಾದಲ್ಲೇ ಮಕ್ಕಳನ್ನು ಕೂರಿಸಿ ಸಾಯಿಸುವುದಾ?” ಎಂದು ಅವನ ಎದುರಿನವನು.

ನನ್ನ ಜೊತೆಗಿದ್ದವರು ನಕ್ಕರು. “ಹೊಸದು ದುಬಾರಿ ಅಂತ ಎಲ್ಲರೂ ಮಾತಾಡ್ತಾರೆ. ಆ ಮಾತು ಮುಗಿಯುವವರೆಗೆ ಹಾರುವುದು ಹಳೆಯದೇ ಅಲ್ವಾ? ಆ ಖರ್ಚನ್ನು ಯಾರೂ ಹೇಳುವುದಿಲ್ಲ” ಎಂದರು. ಹೊಸ ಪೈಲಟ್‌ಗಳಲ್ಲಿ ಎಷ್ಟೋ ಜನರಿಗೆ ಮೊದಲು ಸಿಗುವುದು ಆ ಹಳೆಯದೇ ಎಂಬುದನ್ನೂ ಮುಚ್ಚಿಡಲಿಲ್ಲ.

ನಾನು ಸುತ್ತಿ ಬಳಸದೆ ಕೇಳಿದೆ. “ಕಳಿಸಬಹುದಾ? ಸರಿಯಾಗಿ ಹೇಳಿ ಮಾರಾಯ್ರೆ.”

“ನೀವು ರಿಪೇರಿ ಮಾಡಿದ ಬಸ್ಸಲ್ಲಿ ಕಳಿಸಬಹುದಾ?”

“ನಾನೇ ಮಾಡಿದ್ದಾದರೆ ಕಣ್ಣು ಮುಚ್ಚಿ ಕಳಿಸ್ಬಹುದು.”

“ನಾನೂ ಹಾಗೇ ಹೇಳ್ತಿದ್ದೆ” ಎಂದು ಅವರು ಚಹಾದ ಗ್ಲಾಸು ಎತ್ತಿದರು. ಕುಡಿಯುವ ಮೊದಲು ತಡೆದು, “ಯಾವಾಗಲೂ ಹೌದಾ?” ಎಂದರು.

ಬಿಸಿ ಚಹಾ ಒಂದೇ ಗುಟುಕಿಗೆ ಕುಡಿದು ನಾಲಗೆ ಸುಟ್ಟುಕೊಂಡೆ. ಯಾವಾಗಲೂ ಅಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಅಕ್ಕನ ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಗಿನ ಮಾತು. ಮದುವೆಯ ಸೀಸನ್ನು. ಬೆಳ್ತಂಗಡಿಗೆ ಹೋಗುವ ಒಂದು ಬಸ್ಸಿನ ಹಿಂದಿನ ಚಕ್ರ ಬಿಚ್ಚಿದಾಗ ಬ್ರೇಕ್ ಡ್ರಮ್ಮಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಇಳಿಜಾರಿನಲ್ಲಿ ಅದು ಒಡೆದರೆ ಬ್ರೇಕೇ ಹಿಡಿಯುವುದಿಲ್ಲ, ಡ್ರಮ್ಮು ಬದಲಿಸದೆ ಬಸ್ಸು ಹೊರಗೆ ಹೋಗಬಾರದು ಎಂದೆ. ಮಾಲಕ ಕೈ ಹಿಡಿದುಕೊಂಡ. “ಹೊಸ ಡ್ರಮ್ಮು ಮಂಗಳೂರಿನಿಂದ ನಾಡಿದ್ದು ಬರ್ತದೆ. ಎರಡು ದಿನ ಹೇಗಾದ್ರೂ ಸುಧಾರಿಸುವ ಮಾರಾಯ್ರೆ. ಇಷ್ಟು ವರ್ಷದ ಗುರ್ತ ನಮ್ಮದು.” ದಾಕ್ಷಿಣ್ಯ ನೋಡಿ, ಹಾಳಾದ ದಾಕ್ಷಿಣ್ಯ! ಡ್ರಮ್ಮಿನ ಒಳಗೆ ಉಜ್ಜುವ ಲೈನರ್ ಮಾತ್ರ ಹೊಸತು ಹಾಕಿ, ಅದೇ ಡ್ರಮ್ಮು ಕೂರಿಸಿ, ಚಕ್ರ ಬಿಗಿದೆ.

ನಿಯಮದ ಪ್ರಕಾರ ನಾನು ಹತ್ತಬೇಕು. ಡ್ರೈವರ್ ಹಾರ್ನ್ ಹೊಡೆದು ಕಾದ. “ನನಗೆ ಬೇರೆ ಅರ್ಜೆಂಟು ಉಂಟು, ನೀನು ಹೋಗು” ಎಂದೆ. ಏನೂ ಅರ್ಜೆಂಟಿರಲಿಲ್ಲ. ನನಗೆ ಹೆದರಿಕೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಆ ಗಾದೆ ನನಗಾಗಿಯೇ ಹುಟ್ಟಿದ್ದು.

ಬಸ್ಸು ರಸ್ತೆಗೆ ತಿರುಗಿದಾಗ ಕಿಟಕಿಯಲ್ಲಿ ಎರಡು ಜಡೆ ಕಂಡಿತು. ಶಾಲೆ ಬೇಗ ಬಿಟ್ಟಿತ್ತೋ ಏನೋ, ಅವಳು ನನಗೆ ಕಾಣದ ಹಾಗೆ ಹಿಂದಿನಿಂದ ಹತ್ತಿ ಕೂತಿದ್ದಳು. ನಿಲ್ಲಿಸು ಎಂದು ಕೈ ಎತ್ತಿದೆ. ಆದರೆ ಕೂಗಲಿಲ್ಲ. ಪಕ್ಕದಲ್ಲಿ ಮಾಲಕ ನಿಂತಿದ್ದ. ಬಸ್ಸು ತುಂಬ ಜನ. ಈಗ ಕೂಗಿದರೆ ನನ್ನ ಹೆಸರು ಆ ದಾರಿಯಲ್ಲಿ ಇನ್ನು ಉಳಿಯುವುದಿಲ್ಲ. ಅವಳು ನನ್ನ ಎತ್ತಿದ ಕೈ ನೋಡಿ, ಖುಷಿಯಿಂದ ತಾನೂ ಕೈ ಬೀಸಿದಳು. ಬಸ್ಸು ಹೋಯಿತು.

ಆಮೇಲೆ ಫೋನಿನ ಎದುರು ಕೂತೆ. ದಾರಿಯ ಒಂದೊಂದು ಇಳಿಜಾರನ್ನೂ ಮನಸ್ಸಿನಲ್ಲೇ ಇಳಿದೆ. ಎಷ್ಟೋ ಹೊತ್ತಿನ ಮೇಲೆ ನಾನೇ ಅಕ್ಕನಿಗೆ ಫೋನ್ ಮಾಡಿ, ಹಲಸಿನಕಾಯಿ ಉಂಟಾ ಎಂದೇನೋ ಕೇಳಿದೆ. “ಉಂಟು. ನಿನ್ನ ಸೊಸೆ ಈಗಷ್ಟೇ ಬಂದಳು, ಚಹಾ ಕುಡೀತಿದ್ದಾಳೆ” ಎಂದಳು. ಫೋನ್ ಇಟ್ಟು ಅತ್ತೆ. ಮಾರನೆಯ ಬೆಳಿಗ್ಗೆ ಬಸ್ಸನ್ನು ಅಡ್ಡ ಹಾಕಿ ನಿಲ್ಲಿಸಿ, ನಾನೇ ಮಂಗಳೂರಿಗೆ ಹೋಗಿ ಡ್ರಮ್ಮು ತಂದೆ. ಮಾಲಕನ ಹತ್ತಿರ ಮತ್ತೆ ಮಾತಾಡಲಿಲ್ಲ. ಏನೂ ಆಗಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ.

ಕಲ್ಲಡ್ಕದಿಂದ ಬಂದ ಮರುದಿನ ಅಕ್ಕನ ಮನೆಗೆ ಹೋದೆ. ಹುಡುಗಿ ಜಗಲಿಯಲ್ಲಿ ಕಾಯುತ್ತಿದ್ದಳು. ನಾನು ವಿಮಾನದ ಪ್ರಾಯ, ಬಿಡಿಭಾಗದ ತೊಂದರೆ, ಬಿದ್ದ ಸುದ್ದಿಗಳು, ಎಲ್ಲ ಹೇಳಿದೆ. ಬೇಡ ಎನ್ನುವುದಕ್ಕೆ ಬೇಕಾದಷ್ಟು ಕಾರಣ ಕೂಡಿಸಿಕೊಂಡು ಬಂದಿದ್ದೆ.

ಅವಳು ಎಲ್ಲ ಕೇಳಿ, “ಮಾವ, ನನಗೆ ಹೆದರಿಕೆ ಇಲ್ಲ. ಹಳೇ ಬಸ್ಸಲ್ಲೇ ನಾನು ಶಾಲೆಗೆ ಹೋದದ್ದಲ್ವಾ? ನೀವಿದ್ರಿ. ಅಲ್ಲಿಯೂ ನಿಮ್ಮ ಹಾಗೆ ಒಬ್ಬರು ಇರ್ತಾರೆ” ಎಂದಳು. ಮತ್ತೆ ನಕ್ಕು, “ಹತ್ತನೇ ಕ್ಲಾಸಲ್ಲಿ ಒಂದು ದಿನ ನೀವು ರಸ್ತೆವರೆಗೆ ಬಂದು ನನಗೆ ಟಾಟಾ ಮಾಡಿದ್ರಿ, ನೆನಪುಂಟಾ? ಅಷ್ಟು ವರ್ಷದಲ್ಲಿ ಅದೊಂದೇ ದಿನ” ಎಂದಳು.

ಅಯ್ಯೋ ದೇವರೇ. ಅದನ್ನು ಅವಳು ಪ್ರೀತಿಯ ನೆನಪು ಎಂದು ಇಷ್ಟು ವರ್ಷ ಇಟ್ಟುಕೊಂಡಿದ್ದಳು. ಅದನ್ನೇ ಧೈರ್ಯ ಎಂದು ಕಟ್ಟಿಕೊಂಡು ಹೊರಟಿದ್ದಳು. ಬಾಯಿ ಮುಚ್ಚಿ ಕೂತಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಆ ಸುಳ್ಳನ್ನು ನಂಬಿಕೊಂಡು ಅವಳು ವಿಮಾನ ಹತ್ತುವುದು ನನಗೆ ಬೇಡವಾಗಿತ್ತು.

“ಅದು ಟಾಟಾ ಅಲ್ಲ ಮಗಾ, ಬಸ್ಸು ನಿಲ್ಲಿಸ್ಲಿಕ್ಕೆ ಎತ್ತಿದ ಕೈ ಅದು” ಎಂದೆ. ಡ್ರಮ್ಮು, ಬಿರುಕು, ಮಾಲಕ, ನನ್ನ ಹೆದರಿಕೆ, ಒಂದೂ ಬಿಡದೆ ಹೇಳಿದೆ. “ನನ್ನ ಹಾಗಿನವ ಅಲ್ಲಿ ಇರ್ತಾನೆ ಅಂತ ಧೈರ್ಯ ಮಾಡ್ಬೇಡ. ನನ್ನ ಹಾಗಿನವನೂ ಒಂದು ದಿನ ಹಾಗೆ ಮಾಡ್ತಾನೆ.”

ಒಳಗೆ ಅಕ್ಕನ ಪಾತ್ರೆಯ ಸದ್ದು ನಿಂತಿತು. ಭಾವ ಮೊದಲ ಸಲ ಪೇಪರು ಕೆಳಗಿಟ್ಟರು. ಹುಡುಗಿ ನನ್ನ ಮುಖ ನೋಡಲಿಲ್ಲ. ಅಂಗಳದ ಕಡೆಗೆ ನೋಡುತ್ತಾ ಕೂತಿದ್ದಳು. ಇನ್ನು ಇವಳು ನನ್ನನ್ನು ಮಾವ ಎಂದು ಕರೆಯುವುದಿಲ್ಲ ಎಂದೇ ಎಣಿಸಿದೆ.

“ವಿಮಾನ ಹೊರಡುವ ಮೊದಲು ನೆಲದಲ್ಲಿ ನಿಂತವರು ಕೈ ಎತ್ತಿ ಸನ್ನೆ ಮಾಡ್ತಾರೆ ಮಾವ, ಅದನ್ನು ನೋಡಿಯೇ ಹೊರಡುವುದು” ಎಂದಳು ಕಡೆಗೆ. “ನಾನು ಕೈ ಮಾತ್ರ ನೋಡುವುದಿಲ್ಲ, ಮುಖ ನೋಡ್ತೇನೆ. ಆ ದಿನ ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತಿತ್ತು.”

ನಾನು ಹೂಂ ಎಂದದ್ದು ಆಗ.

ಅವಳು ತರಬೇತಿಗೆ ಹೊರಟ ದಿನ ಮೂಡುಬಿದಿರೆಯಿಂದ ಮಂಗಳೂರಿನ ಬಸ್ಸು, ಅಲ್ಲಿಂದ ರೈಲು. ಅಕ್ಕ ಮತ್ತು ಭಾವ ಬಸ್‌ಸ್ಟ್ಯಾಂಡಿನಲ್ಲೇ ಕಣ್ಣೊರೆಸಿಕೊಂಡು ನಿಂತರು. ಬಸ್ಸು ಹೊರಡುವಾಗ ನಾನು ಕೈ ಎತ್ತಲಿಲ್ಲ. ಹತ್ತಿ ಅವಳ ಪಕ್ಕದಲ್ಲಿ ಕೂತೆ.

ಕಂಡಕ್ಟರ್ ನನ್ನ ಹಳೆಯ ಗುರ್ತದವನು. “ಎಂತ ಮಾರಾಯ್ರೆ, ಈ ಬಸ್ಸಿನ ಬ್ರೇಕು ನೀವು ಮಾಡಿದ್ದಲ್ಲವಲ್ಲ, ನೀವ್ಯಾಕೆ ಕೂತದ್ದು?” ಎಂದು ತಮಾಷೆ ಮಾಡಿದ.

“ಹಳೇದು ಒಂದು ಟ್ರಿಪ್ಪು ಬಾಕಿ ಉಂಟು” ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.