ಒಬ್ಬರಿಗೆ ಆಗುವ ಹಂಚು

ಹೊಸ ಕಬ್ಬಿಣವನ್ನು ಮೊದಲ ಸಲ ಒಲೆಯ ಮೇಲಿಟ್ಟಾಗ ಏಳುವ ವಾಸನೆ ಅಡುಗೆಯ ವಾಸನೆಯಲ್ಲ. ಕುಲುಮೆಯ ಮಸಿ, ಸುಟ್ಟ ಕುಸುಬಿ ಎಣ್ಣೆ, ಅದರ ಮೇಲೆ ತಿಕ್ಕಿದ ಅರ್ಧ ಉಳ್ಳಾಗಡ್ಡಿ, ಎಲ್ಲ ಸೇರಿ ಮೂಗಿನೊಳಗೆ ಒಂದು ಕಹಿ ಪದರವಾಗಿ ಕೂರುತ್ತದೆ. ಹೋದ ವಾರ ಯಾದಗಿರಿಯ ನಮ್ಮ ಓಣಿಯಲ್ಲಿ ಯಾರೋ ಹೊಸ ರೊಟ್ಟಿಹಂಚು ಪಳಗಿಸುತ್ತಿದ್ದರು. ಕಿಟಕಿ ಮುಚ್ಚಲು ಎದ್ದವಳು ಮುಚ್ಚದೆ ನಿಂತೆ. ಆ ವಾಸನೆಯಲ್ಲಿ ನನ್ನ ಸೋದರತ್ತೆ ಇದ್ದಳು ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ಹೊಸ ಹಂಚು ಪಳಗಿಸಿದ್ದನ್ನು ನಾನು ನೋಡಿಯೇ ಇಲ್ಲ. ಅವಳು ಅದಕ್ಕೆ ಮೊದಲ ಎಣ್ಣೆ ಹಚ್ಚಿದ ದಿನ ನಾನು ಅವಳ ಹತ್ತಿರ ಇರಲಿಲ್ಲ. ಕಿಟಕಿಯಲ್ಲಿ ನನ್ನನ್ನು ನಿಲ್ಲಿಸಿದ್ದು ನಾನಿಲ್ಲದ ಆ ದಿನ.

ನಮ್ಮೂರು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಬದಿಗಿತ್ತು. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಗಂಡನ ಮನೆ ಬಿಟ್ಟು ಬಂದಿದ್ದ ಅಪ್ಪನ ಅಕ್ಕ ನಮ್ಮ ಒಲೆಯ ಮುಂದೆ ಕೂತಳು. ನಾನು ಅವಳನ್ನು ಅತ್ತಿ ಎಂದು ಕರೆಯುತ್ತಿದ್ದೆ. ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದದ್ದು ಅವಳು ಜೋಳದ ರೊಟ್ಟಿ ಬಡಿಯುವ ಸದ್ದು. ಪರಸಿ ಕಲ್ಲಿನ ತಣ್ಣನೆಯ ನೆಲಕ್ಕೆ ಕಿವಿ ಹಚ್ಚಿ ಮಲಗಿದರೆ ಆ ಸದ್ದು ನೆಲದೊಳಗಿಂದ ಬರುತ್ತಿತ್ತು. ಅವಳ ಹಂಚು ಬೀಡಿನದು, ಅಂದರೆ ಎರಕ ಹೊಯ್ದ ಕಬ್ಬಿಣದ್ದು. ನಡು ತಗ್ಗಾಗಿ, ಎಮ್ಮೆಯ ಚರ್ಮದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಆಮೇಲೆ ಕಾಲುವೆಗೆ ನೀರು ಬಂತು. ಜೋಳ ಬೆಳೆಯುತ್ತಿದ್ದ ಹೊಲಗಳಿಗೆ ಒಡ್ಡು ಕಟ್ಟಿ ಭತ್ತ ಹಚ್ಚಿದರು. ಅದೇ ವರ್ಷ ಅಪ್ಪ ಮತ್ತೆ ಮದುವೆಯಾದ. ಅದೇ ವರ್ಷವೋ, ಮರುವರ್ಷವೋ. ನೆನಪು ಇವೆರಡನ್ನೂ ಒಂದೇ ಹಗ್ಗಕ್ಕೆ ಕಟ್ಟುತ್ತದೆ, ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಬಂದ ಚಿಗವ್ವ ಸಿಂಧನೂರಿನ ಕಡೆಯವಳು. ಅಲ್ಲಿ ಕಾಲುವೆ ನಮಗಿಂತ ಒಂದು ತಲೆಮಾರು ಮೊದಲೇ ಬಂದಿತ್ತು. ಅನ್ನ ಉಂಡು ಬೆಳೆದವಳು, ಮೆತ್ತಗೆ ಮಾತಾಡುವವಳು. ಕಥೆಗಳ ಮಲತಾಯಿಯನ್ನು ಇಲ್ಲಿ ಹುಡುಕಬೇಡಿ. ಅವಳು ನನ್ನ ತಲೆ ಬಾಚಿ ಎರಡು ಜಡೆ ಹಾಕಿ ಕೆಂಪು ರಿಬ್ಬನ್ ಕಟ್ಟುತ್ತಿದ್ದಳು. ಅತ್ತಿ ಹಾಕುತ್ತಿದ್ದದ್ದು ಒಂದೇ ಜಡೆ, ಅದೂ ಕಣ್ಣು ಮೇಲೇಳುವಷ್ಟು ಬಿಗಿಯಾಗಿ.

ಒಂದು ಬೆಳಿಗ್ಗೆ ಅತ್ತಿ ರೊಟ್ಟಿ ಮುಗಿಸಿ ಹಿತ್ತಲಿಗೆ ಹೋದಾಗ ಚಿಗವ್ವ ಸಹಾಯ ಮಾಡಲೆಂದು, ಅನ್ನದ ಗಡಿಗೆ ತೊಳೆಯುವ ಹಾಗೆ, ಕಾದ ಹಂಚಿನ ಮೇಲೆ ಒಂದು ಚೊಂಬು ನೀರು ಸುರಿದಳು. ರೊಟ್ಟಿ ತಿನ್ನುವ ಮನೆಯಲ್ಲಿ ಕೂಸಿಗೂ ಗೊತ್ತಿರುವ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಹಂಚು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸೀಳಿತು. ಅತ್ತಿ ಬಂದು ನೋಡಿ, "ಹೋಗ್ಲಿ ಬಿಡವ್ವ. ಅದಕೂ ವಯಸ್ಸಾಗಿತ್ತು" ಎಂದಳು. ಚಿಗವ್ವ ಮಧ್ಯಾಹ್ನದವರೆಗೆ ಅತ್ತಳು. ಜಗಳವಾಗಲಿಲ್ಲ. ಜಗಳವಾಗಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತೇನೋ. ನಾಲ್ಕು ದಿನ ಮನೆಯಲ್ಲಿ ಬರೀ ಅನ್ನ. ಬಿಸಿ ಅನ್ನ, ತುಪ್ಪ, ಹುಣಸೆಸಾರು. ನಾನು ಬಡಿಸಿಕೊಂಡು ಬಡಿಸಿಕೊಂಡು ಉಂಡೆ. ಐದನೆಯ ದಿನ ಅಪ್ಪ ಕೈ ತೊಳೆಯುತ್ತ ಯಾರನ್ನೂ ನೋಡದೆ ಹೇಳಿದ: "ಇನ್ನ ಹಂಚು ಯಾಕ ಬೇಕು? ಅನ್ನಕ ಎಲ್ಲಾರೂ ರೂಢಿ ಆಗ್ಯಾರಲ್ಲ." ಅತ್ತಿ ತಾಟುಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಇಡುವುದನ್ನು ನಿಲ್ಲಿಸಲಿಲ್ಲ.

ಅದಾದ ಮೇಲಿನ ಸಂತೆಯ ದಿನ ಅತ್ತಿ ನನ್ನನ್ನು ಸುರಪುರಕ್ಕೆ ಕರೆದುಕೊಂಡು ಹೊರಟಳು. ಬಸ್ಸಿನಲ್ಲಿ ನನ್ನ ಕಡೆ ತಿರುಗದೆ ಹೇಳಿದಳು: "ನಾಗೂ, ನಾ ಇನ್ನ ಸುರಪುರದಾಗ ಇರಾಕಿ. ಒಂದು ಖೋಲಿ ನೋಡೀನಿ. ಹಾಸ್ಟೆಲಿನ್ಯಾಗ ಭಾಂಡಿ ತಿಕ್ಕೋ ಕೆಲಸ ಅದ. ಸಾಲಿ ಅಲ್ಲೇ ಬಾಜೂಕ ಅದ. ನಿಮ್ಮಪ್ಪಗ ಕೇಳೀನಿ. ಆಕಿ ಬರ್ತೀನಂದ್ರ ಕರಕೊಂಡು ಹೋಗು ಅಂದಾನ." ಕಿಟಕಿಯಾಚೆ ಕಾಲುವೆ ನಮ್ಮ ಜೊತೆಯಲ್ಲೇ ಬರುತ್ತಿತ್ತು, ಅಥವಾ ಈಗ ನಾನು ಅದನ್ನು ಅಲ್ಲಿ ಹರಿಸುತ್ತಿದ್ದೇನೆ.

ಸಂತೆಯಲ್ಲಿ ಕಬ್ಬಿಣದ ಸಾಮಾನು ಮಾರುವ ಮುದುಕನೊಬ್ಬ ಗೋಣಿತಟ್ಟಿನ ಮೇಲೆ ಹಂಚುಗಳನ್ನು ಹರಡಿಕೊಂಡು ಕೂತಿದ್ದ. ಅತ್ತಿ ಒಂದೊಂದನ್ನೇ ಎತ್ತಿ ಬೆರಳಗೆಣ್ಣಿನಿಂದ ಬಡಿದು ಕಿವಿಗೆ ಹಿಡಿದಳು. ಸದ್ದು ಎಳೆಯಾಗಿ ಉಳಿದರೆ ಗಟ್ಟಿ, ತಕ್ಷಣ ಸತ್ತರೆ ಒಳಗೆ ಬಿರುಕು. ಬಿಸಿಲಿಗೆ ಹಿಡಿದು ಸೂಜಿತೂತು ಹುಡುಕಿದಳು. ಚಪ್ಪಡಿಯ ಮೇಲೆ ಬೋರಲು ಹಾಕಿ ಅಂಚು ಒತ್ತಿ, ಅಲುಗಾಡಿದ್ದನ್ನು ಬದಿಗಿಟ್ಟಳು. ಬೀಡು ಕಾವು ಹಿಡಿಯುತ್ತದೆ, ಆದರೆ ಒಡೆಯುತ್ತದೆ; ಬಡಿದು ಮಾಡಿದ್ದು ಒಡೆಯುವುದಿಲ್ಲ, ಆದರೆ ದಪ್ಪ ನೋಡಿ ಕೊಳ್ಳಬೇಕು ಎಂದು ನನಗೆ ಪಾಠ ಹೇಳಿದಳು. ಮುದುಕನ ತಾಳ್ಮೆ ಮುಗಿಯಿತು.

"ಅಕ್ಕಾರ, ಹಂಚು ತಗೋಳಾಕ ಬಂದೀರೋ, ಅಳಿಯನ್ನ ನೋಡಾಕ ಬಂದೀರೋ?"

"ಅಳಿಯ ಸರಿ ಇಲ್ಲಂದ್ರ ಹೊರಗ ಹಾಕಬಹುದಪ್ಪ. ಇದರ ಮುಂದ ದಿನಾ ಕುಂದರಬೇಕು."

ಅವನು ನಕ್ಕ. "ಮನಿಯಾಗ ಮಂದಿ ಎಷ್ಟ್ರಿ?" ನಮ್ಮ ಕಡೆ ಹಂಚನ್ನು ಉಣ್ಣುವವರ ತಲೆ ಎಣಿಸಿಯೇ ಕೊಳ್ಳುವುದು, ಎಲ್ಲರೂ ಕೇಳುವ ಪ್ರಶ್ನೆ ಅದು. ಅತ್ತಿ ಆರಿಸಿಟ್ಟಿದ್ದ ಎರಡು ಹಂಚುಗಳನ್ನು ನನ್ನ ಮುಂದೆ ಇಟ್ಟಳು. ಒಂದು ಅಗಲವಾದದ್ದು, ಒಂದು ಸಣ್ಣದು. "ನೀ ಬರೋದಿದ್ರ ಇದು. ಇಲ್ಲಂದ್ರ ನನಗ ಅದು ಸಾಕು. ಹೇಳವ್ವ."

ಈ ಪ್ರಸಂಗವನ್ನು ನಾನು ಬಹಳ ವರ್ಷ ಬಹಳ ಜನರಿಗೆ ಬೇರೆ ಥರ ಹೇಳಿದ್ದೇನೆ. ಆ ಕಥೆಯಲ್ಲಿ ದೊಡ್ಡ ಹಂಚು ಹೊರಲು ಭಾರವಾಗಿತ್ತು. ಏನೂ ತಿಳಿಯದ ಹುಡುಗಿ ಭಾರಕ್ಕೆ ಹೆದರಿ ಸಣ್ಣದನ್ನು ತೋರಿಸಿದಳು. ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ಅಂದವಾದ ಕಥೆ, ಅದಕ್ಕೇ ಅದು ನನಗೆ ಬೇಡವಾಗಿದೆ. ನನಗೆ ಹನ್ನೊಂದು ವರ್ಷವಾಗಿತ್ತು. ಬಸ್ಸಿನಲ್ಲಿ ಅತ್ತಿ ಹೇಳಿದ್ದು ಪೂರ್ತಿ ಅರ್ಥವಾಗಿತ್ತು. ಅವಳ ಮುಂದೆ ನಿಂತು ನಾನು ಬಿಸಿ ಅನ್ನವನ್ನು ನೆನೆಸಿದೆ, ಎರಡು ಜಡೆಗಳನ್ನು ನೆನೆಸಿದೆ, ಕಾಲುವೆಯ ಪಾವಟಿಗೆಯ ಮೇಲೆ ಕಾಲು ಇಳಿಬಿಟ್ಟು ಕೂರುವ ಗೆಳತಿಯರನ್ನು ನೆನೆಸಿದೆ. ಆಮೇಲೆ, "ಸಣ್ಣದು ತಗೋ, ಅತ್ತಿ" ಎಂದೆ.

ಅವಳ ಮುಖ ಹೇಗಾಯಿತೋ ಗೊತ್ತಿಲ್ಲ. ಬರೆಯಲು ಹೋದಾಗಲೆಲ್ಲ ಆಮೇಲಿನ ವರ್ಷಗಳ ಮುಖವೊಂದು ಬಂದು ಅಲ್ಲಿ ಕೂರುತ್ತದೆ. ಉಳಿದಿರುವುದು ಸಣ್ಣ ಹಂಚಿನ ಅಂಚನ್ನು ನಿಧಾನ ಸುತ್ತುತ್ತಿದ್ದ ಅವಳ ಹೆಬ್ಬೆರಳು ಮಾತ್ರ. "ಒಬ್ಬಾಕೇ ಅದೀನಪ್ಪ" ಎಂದಳು ಮುದುಕನಿಗೆ.

"ಒಬ್ಬಾಕಿಗಾದ್ರ ಸಾಯೋತನಕ ಬರ್ತದ ಬಿಡ್ರಿ."

"ಯಾರು ಸಾಯೋತನಕ? ಅದೋ, ನಾನೋ?"

ಇಬ್ಬರೂ ನಕ್ಕರು. ಸಂತೆಗೆ ಬಂದಿದ್ದ ನಮ್ಮೂರಿನವರೊಬ್ಬರ ಜೊತೆ ಅವಳು ನನ್ನನ್ನು ಬಸ್ಸು ಹತ್ತಿಸಿದಳು. ಹಂಚನ್ನು ಸೆರಗಿನಲ್ಲಿ ಸುತ್ತಿ, ಕೂಸನ್ನು ಹಿಡಿದ ಹಾಗೆ ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು.

ದೊಡ್ಡವಳಾಗಿ, ಮದುವೆಯಾಗಿ ಯಾದಗಿರಿಗೆ ಬಂದ ಮೇಲೆ ವರ್ಷಕ್ಕೊಮ್ಮೆ ಅವಳ ಖೋಲಿಗೆ ಹೋಗುತ್ತಿದ್ದೆ. ಆ ಹಂಚಿನ ಮೇಲೆ ಅಂಗೈಗಿಂತ ತುಸು ಅಗಲದ ರೊಟ್ಟಿ ಮಾತ್ರ ಬೇಯುತ್ತಿತ್ತು. ನಾನು ಒಂದನ್ನು ತಿಂದು ಮುಗಿಸಿ ಇನ್ನೊಂದಕ್ಕೆ ಕಾಯಬೇಕಾಗುತ್ತಿತ್ತು. ಅವಳು ನನ್ನ ಜೊತೆ ಕೂತು ಉಂಡದ್ದೇ ಇಲ್ಲ. "ಅವತ್ತ ನೀ ಸಣ್ಣದು ಅಂದದ್ದು ಚಲೋ ಆತು ನೋಡು" ಎಂದಳು ಒಮ್ಮೆ, "ದೊಡ್ಡದಾಗಿದ್ರ ಕಟಗಿ ಬಾಳ ತಿಂತಿತ್ತು." ನನಗಾಗಿ ಹೇಳಿದಳೋ, ನಿಜವಾಗಿ ಹಾಗೇ ಅಂದುಕೊಂಡಿದ್ದಳೋ, ಕೇಳುವ ಧೈರ್ಯ ನನಗಿರಲಿಲ್ಲ. ಹೋದಾಗಲೆಲ್ಲ, "ಮನಿಯಾಗ ಎಲ್ಲಾರೂ ಆರಾಮ ಅದಾರಿಲ್ಲ?" ಎಂದು ಕೇಳುತ್ತಿದ್ದಳು. ಆರಾಮ ಅದಾರ ಎನ್ನುತ್ತಿದ್ದೆ. ನನ್ನ ಗಂಡ ಬೇರೆ ಮನೆ ಮಾಡಿಕೊಂಡು ಹೋಗಿ ನಾನೊಬ್ಬಳೇ ಉಳಿದ ಮೇಲೂ ಹಾಗೇ ಹೇಳಿದೆ.

ಅತ್ತಿ ತೀರಿಕೊಂಡ ಹನ್ನೆರಡನೆಯ ದಿನ ಖೋಲಿ ಖಾಲಿ ಮಾಡಲು ಹೋದೆ. ಮನೆಯ ಯಜಮಾನಿ ಒಂದು ಟ್ರಂಕು, ಎರಡು ತಾಟು, ಒಂದು ಕೌದಿ ತಂದಿಟ್ಟಳು. ಹಂಚೆಲ್ಲಿ ಎಂದು ಕೇಳಿದೆ.

"ಹಿಂದಿನ ಓಣ್ಯಾಗ ಸಾಲಿ ಕಲಿಸೋ ಬಾಯಾರೊಬ್ರು ಬಂದಾರ್ರಿ, ಒಬ್ರೇ ಇರ್ತಾರ. ಅವರಿಗೆ ಕೊಡು ಅಂತ ನಿಮ್ಮತ್ತಿನೇ ಹೇಳಿ ಹೋಗ್ಯಾಳ." ಟ್ರಂಕಿನ ಧೂಳು ಒರೆಸುತ್ತ ಅವಳು ಮುಂದುವರಿಸಿದಳು: "ನಾಗೂಂದು ತುಂಬಿದ ಮನಿ, ಆಕಿಗಿದು ಸಾಲಂಗಿಲ್ಲ ಅಂದ್ಳ್ರಿ."

"ಹೌದ್ರಿ" ಎಂದೆ. "ಸಾಲಂಗಿಲ್ಲ."